ಮನೆಯಿಂದ ಆನ್‌ಲೈನ್ ಕೆಲಸ ಹಿಡಿಯುವ ಮೊದಲು: ಫೋನು, ಖಾತೆ, ಗಂಟೆ

"ಆನ್‌ಲೈನ್ ಕೆಲಸ ಮಾಡಬೇಕು ಅಂತಿದ್ದೀನಿ ಅಕ್ಕಾ, ಯಾವ ಕೋರ್ಸ್ ಸೇರಲಿ?" ಎಂದು ಕೇಳುವವರಿಗೆ ನಾನು ಕೋರ್ಸಿನ ಹೆಸರು ಹೇಳುವುದಿಲ್ಲ. ಮೊದಲು ನಾನೇ ಒಂದಿಷ್ಟು ಕೇಳುತ್ತೇನೆ. ಸಿಮ್ ಯಾರ ಹೆಸರಲ್ಲಿದೆ? ಒಟಿಪಿ ಯಾರ ಫೋನಿಗೆ ಬರುತ್ತದೆ? ದುಡ್ಡು ಬಂದರೆ ಯಾವ ಖಾತೆಗೆ ಬೀಳುತ್ತದೆ? ದಿನದಲ್ಲಿ ಯಾವ ಹೊತ್ತು ನಿಮ್ಮನ್ನು ಯಾರೂ ಕರೆಯುವುದಿಲ್ಲ? ಕೋರ್ಸ್ ಕೇಳಲು ಬಂದವರಿಗೆ ಇದು ಸ್ವಲ್ಪ ವಿಚಾರಣೆಯಂತೆ ಕಾಣುತ್ತದೆ. ಕಾಣಲಿ.

ನಾನು ಆಡಿಯೊ ಕೇಳಿ ಬರಹಕ್ಕೆ ಇಳಿಸುವ ಕೆಲಸದವಳು. ಸಭೆ, ಸಂದರ್ಶನ, ಪಾಠ, ಏನು ಬಂದರೂ ಸರಿ. ಮಗು ಹುಟ್ಟಿದ ಮೇಲೆ ಆಫೀಸು ಬಿಟ್ಟಿದ್ದೆ, ಮತ್ತೆ ದುಡಿಮೆಗೆ ಬಂದದ್ದು ಈ ದಾರಿಯಲ್ಲೇ. ಈಗ ಬಿಡುವಿದ್ದಾಗ, ನನ್ನ ಹಾಗೆ ವಾಪಸ್ ಬರಬೇಕು ಅನ್ನುವ ಹೆಂಗಸರಿಗೆ ಜೊತೆಯಲ್ಲಿ ಕೂತು ಹೇಳಿಕೊಡುತ್ತೇನೆ. ಬುದ್ಧಿ ಕಡಿಮೆಯಾಗಿ ಕೆಲಸ ಬಿಟ್ಟವರನ್ನು ಅವರಲ್ಲಿ ನಾನು ಹೆಚ್ಚು ನೋಡಿಲ್ಲ. ಫೋನು ಬೇರೆಯವರ ಕೈಲಿದ್ದು, ಖಾತೆ ಬೇರೆಯವರದಾಗಿದ್ದು, ಹೊತ್ತು ಎಲ್ಲರದಾಗಿದ್ದು ಕೆಲಸ ಕೈತಪ್ಪಿದವರೇ ಜಾಸ್ತಿ. ಅದಕ್ಕೇ ಈ ಬರಹ ಆ ಮೂರರಿಂದ ಶುರುವಾಗುತ್ತದೆ.

ಮೊದಲು ಫೋನು

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮೊಬೈಲ್ ಇಂಟರ್ನೆಟ್ ಬಳಸುವ ಸಾಧ್ಯತೆ ಗಂಡಸರಿಗಿಂತ ಹೆಂಗಸರಲ್ಲಿ ಶೇ. 15ರಷ್ಟು ಕಡಿಮೆ ಎಂದು ಮೊಬೈಲ್ ಕಂಪನಿಗಳ ಜಾಗತಿಕ ಸಂಘಟನೆಯಾದ ಜಿಎಸ್‌ಎಂಎ 2024ರ ವರದಿಯಲ್ಲಿ ಹೇಳಿದೆ. ಫೋನೇ ಇಲ್ಲದವರ ಕಷ್ಟ ಎದ್ದು ಕಾಣುತ್ತದೆ. ಫೋನು ಇದೆ, ಆದರೆ ಮಗಳ ಆನ್‌ಲೈನ್ ಕ್ಲಾಸು ಮುಗಿದ ಮೇಲೆ ಸಿಗುತ್ತದೆ, ಅಥವಾ ಮನೆಯವರು ಮಲಗಿದ ಮೇಲೆ ಸಿಗುತ್ತದೆ ಅನ್ನುವವರ ಕಷ್ಟ ಹಾಗೆ ಕಾಣುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಇಂಥವರೇ ಬಹಳ.

ಒಬ್ಬರ ಕಥೆ ಹೇಳುತ್ತೇನೆ. ಸಬ್‌ಟೈಟಲ್ ಕೆಲಸ ಚೆನ್ನಾಗಿ ಕಲಿತಿದ್ದರು. ಒಂದು ಕಂಪನಿಯಿಂದ ಪರೀಕ್ಷೆಯ ಲಿಂಕ್ ಬಂತು. ಲಾಗಿನ್ ಆಗಲು ಒಟಿಪಿ ಬೇಕು. ಒಟಿಪಿ ಹೋದದ್ದು ಗಂಡನ ನಂಬರಿಗೆ. ಅವರು ಮೀಟಿಂಗ್‌ನಲ್ಲಿದ್ದರು, ಫೋನು ಸೈಲೆಂಟ್. ಅವರು ನೋಡಿ ಕಳಿಸುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿತ್ತು. ಮತ್ತೆ ಕೇಳಿದರು, ಮತ್ತೆ ಅದೇ. ಸಂಜೆಗೆ ಲಿಂಕೇ ಮುಚ್ಚಿತು. ಗಂಡ ಒಳ್ಳೆಯವರೇ, ಅಡ್ಡಗಾಲು ಹಾಕುವವರಲ್ಲ. ಆದರೂ ಪರೀಕ್ಷೆಗೆ ಕೂರುವುದು ತಪ್ಪಿತು.

ಹಾಗಾಗಿ ಮೊದಲ ಕೆಲಸ ಇದು. ಸಿಮ್ ನಿಮ್ಮ ಹೆಸರಲ್ಲಿ ಇರಲಿ, ನಿಮ್ಮ ಗುರುತಿನ ಚೀಟಿ ಕೊಟ್ಟು ತೆಗೆದುಕೊಂಡದ್ದಾಗಿರಲಿ. ಕೆಲಸಕ್ಕೆಂದೇ ಒಂದು ಇಮೇಲ್ ತೆರೆಯಿರಿ. ಅದರಲ್ಲಿ ನಿಮ್ಮ ಪೂರ್ತಿ ಹೆಸರಿರಲಿ, ಮಗುವಿನ ಮುದ್ದಿನ ಹೆಸರು, ಹುಟ್ಟಿದ ವರ್ಷ ಎಲ್ಲ ಬೇಡ. ಪಾಸ್‌ವರ್ಡ್ ಮರೆತರೆ ಕೋಡ್ ಬರುವ ನಂಬರ್ ಕೂಡ ನಿಮ್ಮದೇ ಆಗಿರಬೇಕು. ಇದನ್ನು ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಯಾವಾಗಲೋ ಯಾರೋ ಹಾಕಿಕೊಟ್ಟ ಹಳೇ ನಂಬರ್ ಅಲ್ಲಿ ಕೂತಿರುತ್ತದೆ.

ಸ್ಕ್ರೀನ್ ಲಾಕ್ ಹಾಕಿ. "ಮನೆಯವರ ಹತ್ತಿರ ಮುಚ್ಚಿಡೋಕೆ ಏನಿದೆ?" ಎಂದು ಯಾರಾದರೂ ಕೇಳಿದರೆ ಜಗಳಕ್ಕೆ ಇಳಿಯಬೇಡಿ. ಕ್ಲೈಂಟ್ ಕಳಿಸಿದ ಫೈಲನ್ನು ಬೇರೆಯವರು ನೋಡಬಾರದು ಅಂತ ಒಪ್ಪಂದದಲ್ಲಿದೆ ಅನ್ನಿ. ಬಹಳಷ್ಟು ಕೆಲಸಗಳಲ್ಲಿ ಅದು ನಿಜವೂ ಹೌದು. ವೈದ್ಯರ ಆಡಿಯೊ, ವಕೀಲರ ಆಡಿಯೊ, ಕಂಪನಿಯ ಒಳಮಾತು, ಇವೆಲ್ಲ ನಮ್ಮ ಕಿವಿಯಲ್ಲೇ ಉಳಿಯಬೇಕು. ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು ಅನ್ನುವುದು ಅದಕ್ಕೂ ಸೇರಿಯೇ.

ಇನ್ನು, ಬರೀ ಫೋನಿನಲ್ಲಿ ಕೆಲಸ ಮಾಡಿಬಿಡ್ತೀನಿ ಅನ್ನುವವರಿಗೆ ಒಂದು ಮಾತು. ಹುಡುಕಬಹುದು, ಅರ್ಜಿ ಹಾಕಬಹುದು, ಮಾತಾಡಬಹುದು. ಟೈಪಿಂಗ್, ಲೆಕ್ಕಪತ್ರ, ವಿನ್ಯಾಸ ಇವು ಸಣ್ಣ ಪರದೆಯಲ್ಲಿ ಬೆರಳು ನೋವಿಗೆ ದಾರಿ. ಹಳೇ ಲ್ಯಾಪ್‌ಟಾಪ್ ಸಾಕು. ಅದೂ ಇಲ್ಲದಿದ್ದರೆ ಫೋನಿಗೇ ಜೋಡಿಸುವ ಬ್ಲೂಟೂತ್ ಕೀಬೋರ್ಡ್‌ನಿಂದ ಶುರು ಮಾಡಿ. ದುಬಾರಿ ಸಾಮಾನು ಮೊದಲ ಸಂಪಾದನೆ ಬಂದ ಮೇಲೆ.

ಆಮೇಲೆ ಖಾತೆ

ಬ್ಯಾಂಕ್ ಖಾತೆ ನಿಮ್ಮೊಬ್ಬರ ಹೆಸರಲ್ಲಿ ಇರಬೇಕು. ಜಂಟಿ ಖಾತೆ ಬೇರೆ ಖರ್ಚಿಗೆ ಇರಲಿ, ದುಡಿದದ್ದು ಬಂದು ಬೀಳುವ ಜಾಗ ನಿಮ್ಮದು. ಇದು ಬರೀ ಸ್ವಾಭಿಮಾನದ ಮಾತಲ್ಲ. ಮಧ್ಯಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಉದ್ಯೋಗ ಖಾತ್ರಿಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ, ಆ ಖಾತೆ ಬಳಸುವುದನ್ನೂ ಹೇಳಿಕೊಟ್ಟಾಗ, ಅವರು ಸರ್ಕಾರಿ ಯೋಜನೆಯ ಕೆಲಸಕ್ಕೂ ಹೋದರು, ಹೊರಗಿನ ಕೆಲಸಕ್ಕೂ ಹೆಚ್ಚು ಹೋದರು. ಖಾತೆ ತೆರೆದುಕೊಟ್ಟು ಸುಮ್ಮನಾದರೆ ಅಷ್ಟು ಫಲ ಸಿಗಲಿಲ್ಲ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯ ಬಗ್ಗೆ 2016ರಲ್ಲಿ ಬಂದ ಅಧ್ಯಯನವೂ ಇಂಥದ್ದೇ ಹೇಳುತ್ತದೆ. ಆ ಸೇವೆಯಿಂದಾಗಿ ಸುಮಾರು 1,85,000 ಹೆಂಗಸರು ಹೊಲದ ದುಡಿಮೆಯಿಂದ ವ್ಯಾಪಾರದ ಕಡೆ ಹೊರಳಿದರು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ಆದ್ದರಿಂದ ಖಾತೆ ತೆರೆದರೆ ಮುಗಿಯಲಿಲ್ಲ. ಬ್ಯಾಂಕಿನ ಆ್ಯಪ್ ನಿಮ್ಮ ಫೋನಿನಲ್ಲಿರಲಿ, ಪಿನ್ ನಿಮಗೆ ಮಾತ್ರ ಗೊತ್ತಿರಲಿ. ಸಣ್ಣ ಮೊತ್ತವನ್ನು ಒಮ್ಮೆ ಕಳಿಸಿ ನೋಡಿ, ಒಮ್ಮೆ ತರಿಸಿಕೊಂಡು ನೋಡಿ. ಸ್ಟೇಟ್‌ಮೆಂಟ್ ಹೇಗೆ ಇಳಿಸಿಕೊಳ್ಳುವುದು ಎಂದು ತಿಳಿದುಕೊಳ್ಳಿ. ಮುಂದೆ ಸಾಲ ಕೇಳುವಾಗ, ತೆರಿಗೆ ಕಟ್ಟುವಾಗ, ನೀವು ದುಡಿಯುತ್ತಿದ್ದೀರಿ ಎಂದು ಹೇಳುವ ಕಾಗದ ಅದೊಂದೇ ಆಗಿರಬಹುದು.

ಮೋಸದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ನೀವು ಅವರಿಗೆ ಕೊಡುವುದಲ್ಲ. ರಿಜಿಸ್ಟ್ರೇಷನ್ ಫೀ, ಟ್ರೇನಿಂಗ್ ಕಿಟ್, ಸೆಕ್ಯುರಿಟಿ ಡೆಪಾಸಿಟ್, ಹೆಸರು ಯಾವುದಾದರೂ ಆಗಲಿ, ಅಲ್ಲೇ ಮಾತು ನಿಲ್ಲಿಸಿ. ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರಿವ್ಯೂ ಬರೆಯಿರಿ, ದುಡ್ಡು ಕೊಡ್ತೀವಿ ಅನ್ನುವವರು ಮೊದಲು ಚಿಲ್ಲರೆ ದುಡ್ಡು ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ "ಇಷ್ಟು ಕಟ್ಟಿದರೆ ದೊಡ್ಡ ಟಾಸ್ಕ್ ಸಿಗುತ್ತೆ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನೊಂದು ಬಗೆಯವರು ಡೇಟಾ ಎಂಟ್ರಿ ಕೊಟ್ಟು, ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟಿಗೆ ಎಳೀತೀವಿ ಎಂದು ಹೆದರಿಸುತ್ತಾರೆ. ಹೆದರಿ ದುಡ್ಡು ಕಟ್ಟಬೇಡಿ. ಬಂದ ಮೆಸೇಜುಗಳನ್ನೆಲ್ಲ ಉಳಿಸಿಕೊಂಡು ಸೈಬರ್ ಪೊಲೀಸರಿಗೆ ದೂರು ಕೊಡಿ. ಮನೆಯಲ್ಲಿ ಏನನ್ನುತ್ತಾರೋ ಎಂದು ಹೆಂಗಸರು ಬಾಯಿ ಬಿಡುವುದಿಲ್ಲ ಅನ್ನುವುದೇ ಆ ಕಳ್ಳರ ಬಂಡವಾಳ.

ಗಂಟೆಯ ಲೆಕ್ಕ

ಇದು ನನಗೆ ಅತಿ ಮುಖ್ಯ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಆನ್‌ಲೈನ್ ಕೆಲಸದಲ್ಲಿ ಹೆಚ್ಚಿನದಕ್ಕೆ ಗಂಟೆ ಲೆಕ್ಕದ ಸಂಬಳ ಇರುವುದಿಲ್ಲ. ಪುಟಕ್ಕಿಷ್ಟು, ಪದಕ್ಕಿಷ್ಟು, ಆಡಿಯೊ ನಿಮಿಷಕ್ಕಿಷ್ಟು. ಕೇಳಲು ಚೆನ್ನಾಗಿರುತ್ತದೆ. ನನ್ನ ಕಸುಬನ್ನೇ ತೆಗೆದುಕೊಳ್ಳಿ. ಒಂದು ಗಂಟೆಯ ಆಡಿಯೊಗೆ 100 ಕೊಡುತ್ತಾರೆ ಅಂದುಕೊಳ್ಳೋಣ, ಯಾವ ದೇಶದ ದುಡ್ಡಾದರೂ ಸರಿ. ಒಂದು ಗಂಟೆಗೆ 100 ಅಲ್ವಾ ಎಂದು ಹೊಸಬರು ಖುಷಿಯಾಗುತ್ತಾರೆ. ಸ್ಪಷ್ಟವಾದ ಆಡಿಯೊ ಆದರೂ ಒಂದು ಗಂಟೆಯದ್ದನ್ನು ಟೈಪ್ ಮಾಡಲು ಸುಮಾರು ನಾಲ್ಕು ಗಂಟೆ ಬೇಕು. ಮತ್ತೆ ಕೇಳಿ ತಿದ್ದಲು ಮುಕ್ಕಾಲು ಗಂಟೆ. ಫೈಲ್ ಜೋಡಿಸಿ, ಮೇಲ್ ಮಾಡಿ, ಬಿಲ್ ಕಳಿಸಲು ಕಾಲು ಗಂಟೆ. ಐದಾಯಿತು. ಆ ಕೆಲಸ ಹುಡುಕಿ ಅರ್ಜಿ ಹಾಕಿದ ಒಂದು ಗಂಟೆ ಸೇರಿಸಿ, ಆರು. ಕೆಲಸ ಕೊಡಿಸುವ ಜಾಲತಾಣ, ಅಂದರೆ ಪ್ಲಾಟ್‌ಫಾರ್ಮ್‌ನವರು ಶೇ. 10 ಹಿಡಿದುಕೊಂಡರೆ ಕೈಗೆ ಬರುವುದು 90. ಆರು ಗಂಟೆಗೆ 90 ಅಂದರೆ ಗಂಟೆಗೆ 15. ಇದು ನಿಮ್ಮ ನಿಜವಾದ ಕೂಲಿ. ಇಬ್ಬರು ಒಟ್ಟಿಗೆ ಮಾತಾಡುವ, ಫ್ಯಾನಿನ ಸದ್ದಿರುವ ಆಡಿಯೊ ಬಂದರೆ ಇನ್ನೂ ಇಳಿಯುತ್ತದೆ. ಆ 15 ನಿಮಗೆ ಒಪ್ಪಿಗೆಯಾದರೆ ಮಾಡಿ, ಇಲ್ಲದಿದ್ದರೆ ಬೇಡ. ಆದರೆ 100 ಎಂದು ತಿಳಿದು ಮಾಡಬೇಡಿ.

ಮೊದಲ ಕೆಲವು ಕೆಲಸಗಳಿಗೆ ಹೀಗೆ ಹೊತ್ತು ಬರೆದಿಡಿ. ಶುರು ಮಾಡಿದ್ದು ಯಾವಾಗ, ಎದ್ದದ್ದು ಯಾವಾಗ, ಮತ್ತೆ ಕೂತದ್ದು ಯಾವಾಗ. ಒಂದು ಸಾದಾ ಸ್ಪ್ರೆಡ್‌ಶೀಟ್ ಸಾಕು, ನೋಟ್‌ಬುಕ್ ಆದರೂ ಸರಿ. ಈ ಪಟ್ಟಿ ನೋಡಿದರೆ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಎಷ್ಟು ಸಲ ಎದ್ದಿರಿ ಅನ್ನುವುದು.

2018ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೊಟ್ಟ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ. ಗಂಡಸರು 1 ಗಂಟೆ 23 ನಿಮಿಷ. ಮನೆಯಿಂದ ಕೆಲಸ ಅಂದರೆ ಎರಡನ್ನೂ ಒಟ್ಟಿಗೆ ತೂಗಿಸಬಹುದು ಅಂತ ಜಾಹೀರಾತುಗಳು ಹೇಳುತ್ತವೆ. ನನ್ನ ಅನುಭವ ಬೇರೆ. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಹೊತ್ತು ಕೆಲಸದ ಹೊತ್ತಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಡೆಡ್‌ಲೈನ್ ಒಪ್ಪಿಕೊಂಡವರು ರಾತ್ರಿ ನಿದ್ದೆ ಬಿಟ್ಟು ಅದನ್ನು ತೀರಿಸುತ್ತಾರೆ. ಆದ್ದರಿಂದ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ, ದಿನದಲ್ಲಿ ಎರಡು ಗಂಟೆ ಗೊತ್ತು ಮಾಡಿಕೊಳ್ಳಿ. ಆ ಎರಡು ಗಂಟೆಯಲ್ಲಿ ಬಾಗಿಲು ಯಾರು ತೆಗೆಯುತ್ತಾರೆ, ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ, ಅಜ್ಜಿಗೆ ಮಾತ್ರೆ ಯಾರು ಕೊಡುತ್ತಾರೆ, ಒಂದೊಂದಕ್ಕೂ ಒಬ್ಬರ ಹೆಸರು ಬೇಕು. "ಎಲ್ಲರೂ ಸೇರಿ ನೋಡ್ಕೋತೀವಿ" ಅಂದರೆ ಕೊನೆಗೆ ಏಳುವವರು ನೀವೇ.

ಆ್ಯಪ್‌ಗೆ ಗಂಡು ಹೆಣ್ಣು ಭೇದವಿಲ್ಲ, ಆದ್ದರಿಂದ ಅಲ್ಲಿ ಸಮಾನ ಕೂಲಿ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಊಬರ್ ಚಾಲಕರ ದಾಖಲೆ ನೋಡಿದ ಒಂದು ಅಧ್ಯಯನವಿದೆ. ದರ ಲೆಕ್ಕ ಹಾಕುವ ಸೂತ್ರ ಎಲ್ಲರಿಗೂ ಒಂದೇ. ಆದರೂ ಗಂಟೆಗೆ ಗಂಡಸರು ಸುಮಾರು ಶೇ. 7ರಷ್ಟು ಹೆಚ್ಚು ದುಡಿಯುತ್ತಿದ್ದರು. ಕಾರಣ ಮೂರು: ಆ ಕೆಲಸದಲ್ಲಿ ಹೆಚ್ಚು ಅನುಭವ, ಎಲ್ಲಿ ಓಡಿಸುತ್ತಾರೆ ಅನ್ನುವುದು, ಗಾಡಿಯ ವೇಗ. ಇದರಲ್ಲಿ ನಮ್ಮ ಕೈಯಲ್ಲಿರುವುದು ಮೊದಲನೆಯದು. ಯಾವ ಪ್ಲಾಟ್‌ಫಾರ್ಮ್ ಆದರೂ ಒಳಗುಟ್ಟು ತಿಳಿಯಲು ಸ್ವಲ್ಪ ಕಾಲ ಬೇಕು. ಯಾವ ಕ್ಲೈಂಟ್ ಬೇಗ ದುಡ್ಡು ಕೊಡುತ್ತಾನೆ, ಯಾವ ದಿನ ಕೆಲಸ ಜಾಸ್ತಿ ಬರುತ್ತದೆ, ಯಾವುದನ್ನು ಮುಟ್ಟಲೇಬಾರದು, ಇದೆಲ್ಲ ಮಾಡುತ್ತಾ ತಿಳಿಯುವುದು. ಹಾಗಾಗಿ ನಾಲ್ಕು ಪ್ಲಾಟ್‌ಫಾರ್ಮ್‌ಗಳಲ್ಲಿ ಕಾಲು ಕಾಲು ಹೊತ್ತು ಕಳೆಯುವ ಬದಲು, ಒಂದರಲ್ಲಿ ಬೇರೂರಿ.

ಪೂರ್ತಿ ಮನೆಯಿಂದಲೋ, ಸ್ವಲ್ಪ ಆಫೀಸಿಗೋ?

ಮನೆಯಿಂದ ಕೆಲಸ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ಸ್ಟೆಫಾನಿ ಶರ್ಲಿ 1962ರಲ್ಲೇ ಒಂದು ಸಾಫ್ಟ್‌ವೇರ್ ಕಂಪನಿ ಕಟ್ಟಿದರು. ಮಕ್ಕಳಾದ ಮೇಲೆ ಕೆಲಸ ಬಿಟ್ಟ ಹೆಂಗಸರೇ ಅಲ್ಲಿನ ಪ್ರೋಗ್ರಾಮರ್‌ಗಳು, ಕೂತು ಬರೆದದ್ದು ಅವರವರ ಮನೆಯಲ್ಲೇ. ಮೊದಲ 300 ಜನರಲ್ಲಿ 297 ಮಂದಿ ಹೆಂಗಸರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ನ ಪ್ರೋಗ್ರಾಮಿಂಗ್ ಇವರ ಕೈಯಲ್ಲಾಯಿತು. ಶುರುವಿನಲ್ಲಿ ಸ್ಟೆಫಾನಿ ಎಂಬ ಹೆಸರಿನಲ್ಲಿ ಕಳಿಸಿದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. "ಸ್ಟೀವ್" ಎಂದು ಗಂಡಸಿನ ಹೆಸರಲ್ಲಿ ಸಹಿ ಹಾಕಲು ಶುರು ಮಾಡಿದ ಮೇಲೆ ಬಾಗಿಲು ತೆರೆಯಿತು. 1975ರಲ್ಲಿ ಲಿಂಗ ತಾರತಮ್ಯ ತಡೆಯುವ ಕಾನೂನು ಬಂದಾಗ, ತಮಾಷೆ ನೋಡಿ, ಆ ಕಂಪನಿ ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು.

ಆಯ್ಕೆ ಇದ್ದರೆ ಮಾತ್ರ, ವಾರದಲ್ಲಿ ಕೆಲವು ದಿನ ಆಫೀಸು, ಕೆಲವು ದಿನ ಮನೆ ಅನ್ನುವುದನ್ನೇ ಕೇಳಿ ಎಂದು ನನ್ನ ಸಲಹೆ. ಕಾರಣವಿದೆ. ಚೀನಾದ ಒಂದು ಪ್ರವಾಸ ಕಂಪನಿಯಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮಾಡಿದ ಎರಡು ಪ್ರಯೋಗಗಳಿವೆ. ಮೊದಲನೆಯದರಲ್ಲಿ ಕಾಲ್ ಸೆಂಟರಿನವರನ್ನು ಒಂಬತ್ತು ತಿಂಗಳು ಹೆಚ್ಚು ಕಡಿಮೆ ಮನೆಯಲ್ಲೇ ಕೂರಿಸಿದರು. ಕೆಲಸ ಶೇ. 13ರಷ್ಟು ಹೆಚ್ಚಾಯಿತು, ಆದರೆ ಅಷ್ಟು ಕೆಲಸಕ್ಕೆ ಸಿಗಬೇಕಾದ ಬಡ್ತಿ ಸಿಗಲಿಲ್ಲ. ಎರಡನೆಯದರ ಫಲಿತಾಂಶ 2024ರಲ್ಲಿ ಬಂತು. ವಾರದಲ್ಲಿ ಎರಡು ದಿನ ಮನೆ, ಉಳಿದದ್ದು ಆಫೀಸು. ಕೆಲಸ ಬಿಡುವವರು ಮೂರನೇ ಒಂದು ಪಾಲು ಕಡಿಮೆಯಾದರು. ಹೆಂಗಸರಲ್ಲೂ, ದೂರದಿಂದ ಓಡಾಡುವವರಲ್ಲೂ ಇದು ಚೆನ್ನಾಗಿ ಕಂಡಿತು. ಬಡ್ತಿಗೆ ಏಟು ಬೀಳಲಿಲ್ಲ.

ಪೂರ್ತಿ ಮನೆಯಿಂದಲೇ ಆಗಬೇಕು ಅನ್ನುವವರು ಕಣ್ಣಿಗೆ ಬೀಳುವ ಉಪಾಯ ಮಾಡಿಕೊಳ್ಳಬೇಕು. ನಾನು ಪ್ರತಿ ಶುಕ್ರವಾರ ಮೂರು ಸಾಲಿನ ಮೇಲ್ ಕಳಿಸುತ್ತೇನೆ. ಹೀಗಿರುತ್ತದೆ: "ಈ ವಾರ ಆರು ಫೈಲ್ ಮುಗಿಸಿದ್ದೇನೆ, ಎಲ್ಲವೂ ಗಡುವಿನೊಳಗೆ. ಮೂರನೇ ಫೈಲಿನಲ್ಲಿ ಇಬ್ಬರ ದನಿ ಒಂದೇ ತರ ಇದೆ, ಹೆಸರು ಖಚಿತಪಡಿಸಿ. ಮುಂದಿನ ವಾರ ಬುಧವಾರದ ತನಕ ನಾಲ್ಕು ಫೈಲಿಗೆ ಬಿಡುವಿದೆ." ಅಷ್ಟೇ. ಕ್ಷಮೆ ಕೇಳುವ ಮಾತು, "ಮಗುವಿಗೆ ಜ್ವರ ಇತ್ತು, ಆದರೂ ಮುಗಿಸಿದೆ" ಅನ್ನುವ ವಿವರ, ಯಾವುದೂ ಬೇಡ. ಕೊನೇ ಸಾಲು ನೋಡಿಯೇ ಕೆಲಸ ಬರುತ್ತದೆ.

ಅರ್ಜಿಯನ್ನು ಮೊದಲು ಓದುವುದು ಯಂತ್ರ

2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ಸುದ್ದಿ ಮಾಡಿತ್ತು. ಅಮೆಜಾನ್ ಕಂಪನಿ ರೆಸ್ಯೂಮೆ ಆರಿಸುವ ಸಾಫ್ಟ್‌ವೇರ್ ಒಂದನ್ನು ಕಟ್ಟಿ, ಕೊನೆಗೆ ಕೈಬಿಟ್ಟಿತ್ತು. ಹಳೆಯ ಹತ್ತು ವರ್ಷದ ರೆಸ್ಯೂಮೆಗಳಲ್ಲಿ ಗಂಡಸರದ್ದೇ ಹೆಚ್ಚು. ಅದನ್ನೇ ನೋಡಿ ಕಲಿತ ಯಂತ್ರ, ಹೆಂಗಸರ ತಂಡ, ಹೆಂಗಸರ ಕ್ಲಬ್ ಎಂಬಂಥ ಮಾತಿದ್ದರೆ ಅಂಕ ಕಡಿಮೆ ಕೊಡುತ್ತಿತ್ತು.

ಯಂತ್ರದ ಮುಂದೆ ನಾವು ಮಾಡಬಹುದಾದದ್ದು ಸ್ವಲ್ಪವೇ. ಜಾಹೀರಾತಿನಲ್ಲಿ ಕೆಲಸಕ್ಕೆ ಯಾವ ಪದ ಬಳಸಿದ್ದಾರೋ ಅದೇ ಪದ ನಿಮ್ಮ ರೆಸ್ಯೂಮೆಯಲ್ಲಿ ಇರಲಿ. ಬಣ್ಣದ ಚೌಕ, ಫೋಟೊ, ಎರಡು ಕಾಲಂ, ಇವನ್ನು ಯಂತ್ರ ಸರಿಯಾಗಿ ಓದದೇ ಇರಬಹುದು. ಸಾದಾ ಹಾಳೆಯೇ ಒಳ್ಳೆಯದು. ಕೆಲಸ ಬಿಟ್ಟಿದ್ದ ವರ್ಷಗಳನ್ನು ಅಡಗಿಸಬೇಡಿ, ಕಥೆಯೂ ಹೇಳಬೇಡಿ. "2019–2023: ಮನೆಯ ಜವಾಬ್ದಾರಿ, ಈ ಅವಧಿಯ ಕೊನೆಯಲ್ಲಿ ಸಬ್‌ಟೈಟಲ್ ತರಬೇತಿ" ಎಂದು ಒಂದೇ ಸಾಲು. ಅದರ ಕೆಳಗೆ ಇತ್ತೀಚೆಗೆ ಮಾಡಿದ ಒಂದು ಕೆಲಸದ ಮಾದರಿ, ಚಿಕ್ಕದಾದರೂ ಸರಿ. ಸಾಧ್ಯವಾದಾಗಲೆಲ್ಲ ಅಲ್ಲಿ ಕೆಲಸ ಮಾಡುವ ಯಾರಿಗಾದರೂ ನೇರವಾಗಿ ಒಂದು ಸಣ್ಣ ಮೇಲ್ ಹಾಕಿ.

ಎಐ ಬಂದಿದೆ, ನಮ್ಮ ಗತಿ?

ನನ್ನ ಕೆಲಸ ಈಗ ಮೊದಲಿನಂತಿಲ್ಲ. ಮೊದಲು ಪೂರ್ತಿ ಟೈಪ್ ಮಾಡುತ್ತಿದ್ದೆ. ಈಗ ಯಂತ್ರ ಟೈಪ್ ಮಾಡಿದ್ದನ್ನು ತಿದ್ದುತ್ತೇನೆ. ದರ ಬಹಳ ಇಳಿಯಿತು, ಹೊತ್ತು ಅಷ್ಟು ಇಳಿಯಲಿಲ್ಲ. ಯಾಕೆಂದರೆ ಯಂತ್ರದ ತಪ್ಪು ತಪ್ಪಿನಂತೆ ಕಾಣುವುದಿಲ್ಲ. ವಾಕ್ಯ ನುಣ್ಣಗಿರುತ್ತದೆ. "ಒಪ್ಪುವುದಿಲ್ಲ" ಅಂದದ್ದು "ಒಪ್ಪುವುದು" ಆಗಿರುತ್ತದೆ. ಹದಿನೈದು ಐವತ್ತಾಗಿರುತ್ತದೆ. ವ್ಯಕ್ತಿಯ ಹೆಸರು ಹೋಗಿ ಯಾವುದೋ ಸಾಮಾನ್ಯ ಪದ ಕೂತಿರುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಒಬ್ಬರು ಮಾಯ. ಹಾಗಾಗಿ ನಾನು ಮೊದಲು ಹೆಸರು, ಅಂಕಿ, ಇಲ್ಲ-ಅಲ್ಲ ಇರುವ ವಾಕ್ಯಗಳನ್ನು ಆಡಿಯೊ ಜೊತೆ ತಾಳೆ ನೋಡುತ್ತೇನೆ. ಉಳಿದದ್ದು ಆಮೇಲೆ.

ಎಐನಿಂದ ಹೆಚ್ಚು ಅಲುಗಾಡುವುದು ಗುಮಾಸ್ತಿಕೆಯ ಕೆಲಸಗಳು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ಅಧ್ಯಯನ ಹೇಳಿದೆ. ಆ ಕುರ್ಚಿಗಳಲ್ಲಿ ಕೂತಿರುವವರಲ್ಲಿ ಹೆಂಗಸರು ಹೆಚ್ಚು. ಯಂತ್ರ ಪೂರ್ತಿ ಮಾಡಿಬಿಡಬಹುದಾದ ಉದ್ಯೋಗಗಳಲ್ಲಿರುವ ಹೆಂಗಸರ ಪಾಲು ಗಂಡಸರ ಪಾಲಿನ ಎರಡರಷ್ಟಕ್ಕಿಂತ ಜಾಸ್ತಿ. ಆದ್ದರಿಂದ ಬರೀ ಟೈಪಿಂಗ್, ಬರೀ ಡೇಟಾ ಎಂಟ್ರಿ ಕಲಿಸುವ ಕೋರ್ಸಿಗೆ ದುಡ್ಡು ಹಾಕಬೇಡಿ. ನಿಮಗೆ ಮೊದಲೇ ಗೊತ್ತಿರುವ ವಿಷಯದ ಪಕ್ಕದಲ್ಲಿ ನಿಲ್ಲಿ. ಲೆಕ್ಕ ಗೊತ್ತಿದ್ದವರು ಬಿಲ್ಲಿನ ತಪ್ಪು ಹಿಡಿಯುವುದನ್ನು ಕಲಿಯಲಿ. ನರ್ಸ್ ಆಗಿದ್ದವರು ವೈದ್ಯಕೀಯ ದಾಖಲೆ ತಿದ್ದಲಿ. ಯಂತ್ರಕ್ಕೆ ತಪ್ಪಾದದ್ದು ಯಾಕೆ ತಪ್ಪು ಎಂದು ಹೇಳಬಲ್ಲವರಿಗೆ ದರ ಕೇಳುವ ಧೈರ್ಯ ಇರುತ್ತದೆ.

ಕೆಲಸ ಸಿಕ್ಕ ಮೇಲೆ

ಕಂಪ್ಯೂಟರಿಗೆ ನಿಗಾ ಇಡುವ ಸಾಫ್ಟ್‌ವೇರ್ ಹಾಕಿ ಎಂದರೆ, ಹಾಕುವ ಮೊದಲು ಕೇಳಿ: ಸ್ಕ್ರೀನ್ ಮಾತ್ರವೇ, ಕ್ಯಾಮೆರಾ ಕೂಡವೇ? ಎಷ್ಟು ಹೊತ್ತಿಗೊಮ್ಮೆ ಚಿತ್ರ ತೆಗೆಯುತ್ತದೆ, ಎಲ್ಲಿ ಉಳಿಯುತ್ತದೆ? ಉತ್ತರ ಮೇಲ್‌ನಲ್ಲೇ ಬರಲಿ. ಕಂಪ್ಯೂಟರಿನಲ್ಲಿ ಕೆಲಸಕ್ಕೆ ಬೇರೆ ಯೂಸರ್ ಮಾಡಿಕೊಂಡರೆ ಮನೆಯ ಫೋಟೊಗಳು ಅದರ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ.

ರಾತ್ರಿ ಹನ್ನೊಂದಕ್ಕೆ "ಊಟ ಆಯ್ತಾ?" ಎಂದು ಮೇಲಧಿಕಾರಿ ಮೆಸೇಜ್ ಹಾಕಲು ಶುರು ಮಾಡಿದರೆ ಅಳಿಸಬೇಡಿ. ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಕಂಪನಿಯ ಮೇಲ್ ಅಲ್ಲದ ಜಾಗದಲ್ಲಿ ಇಡಿ. ಕಂಪನಿಯ ಲಾಗಿನ್ ಒಂದು ದಿನ ಮುಚ್ಚಿದರೆ ಅದರೊಳಗಿನ ಸಾಕ್ಷಿಯೂ ಮುಚ್ಚಿಹೋಗುತ್ತದೆ. ಕೆಲಸದ ಜಾಗದ ಕಿರುಕುಳದ ಬಗ್ಗೆ 2019ರಲ್ಲಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆ, ಅಂದರೆ ಸಿ190, ಫೋನು ಮತ್ತು ಇಂಟರ್ನೆಟ್ ಮೂಲಕ ಆಗುವ ಕಿರುಕುಳವನ್ನೂ ಹೆಸರಿಸುತ್ತದೆ. "ಇದು ಆಫೀಸಿನಲ್ಲಿ ಆಗಿದ್ದಲ್ಲವಲ್ಲ" ಎಂದು ಯಾರಾದರೂ ಜಾರಿಕೊಂಡರೆ ಇದನ್ನು ಹೇಳಿ.

ಕೆಲಸ ಮುಗಿಸಿಕೊಟ್ಟ ದಿನವೇ ಕ್ಲೈಂಟ್ ಹತ್ತಿರ ಎರಡು ಸಾಲಿನ ಅಭಿಪ್ರಾಯ ಕೇಳಿ ಪಡೆಯಿರಿ. ವಾರ ಬಿಟ್ಟರೆ ಅವರಿಗೆ ನೆನಪಿರುವುದಿಲ್ಲ. ದರ ಏರಿಸುವ ಮಾತು ಹಳೇ ಕ್ಲೈಂಟ್ ಹತ್ತಿರ ಮೊದಲು ಆಡಬೇಡಿ. ಹೊಸಬರಿಗೆ ಹೊಸ ದರ ಹೇಳಿ ನೋಡಿ. ಇಬ್ಬರು ಒಪ್ಪಿದರೆ, ಆಗ ಹಳಬರಿಗೆ ಒಂದು ತಿಂಗಳ ಮುಂಚೆ ತಿಳಿಸಿ. ಯಾಕೆ ಏರಿಸಿದಿರಿ ಎಂದು ಅವರು ಕೇಳಿದಾಗ ನೀವು ಬರೆದಿಟ್ಟ ಆ ಗಂಟೆಯ ಪಟ್ಟಿ ಕೈಯಲ್ಲಿರಲಿ.